ನಮ್ಮೂರ ನೀರಿನ ರೊಟ್ಟಿ

ಶಹಾಪುರದಲ್ಲಿ ಯಾರನ್ನಾದರೂ ಹಿಡಿದು ನಿಲ್ಲಿಸಿ "ಆರಾಮ್ ಅದೀರೇನ್ರಿ?" ಅಂತ ಕೇಳಿ ನೋಡಿ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ದವಾಖಾನೆಯಿಂದ ಕುಂಟುತ್ತ ಬರುತ್ತಿರುವವನೂ "ಆರಾಮ್ ನೋಡ್ರಿ" ಅನ್ನುತ್ತಾನೆ. ಅದು ಸುಳ್ಳಲ್ಲ, ನಮ್ಮ ಕಡೆಯ ಮರ್ಯಾದೆ. ಕೇಳಿದ ತಪ್ಪಿಗೆ ಇನ್ನೊಬ್ಬರ ಕೊರಳಿಗೆ ನಮ್ಮ ತಕಲೀಫು ಕಟ್ಟಬಾರದು ಅಂತ. ಆದರೆ ನನ್ನ ಕಸುಬೇ ಕೇಳುವ ಕಸುಬು. ಈ ಮರ್ಯಾದೆಯಿಂದ ನಾನು ಹೈರಾಣಾದಷ್ಟು ಬೇರೆ ಯಾವುದರಿಂದಲೂ ಆಗಲಿಲ್ಲ.

ನಾನು ಬೆಳೆದದ್ದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ. ಅಪ್ಪ ಕಾಲುವೆ ಆಫೀಸಿನಲ್ಲಿ ಕಾರಕೂನ. ಕಾಲುವೆಗೆ ನೀರು ಬಿಟ್ಟ ಮೇಲೆ ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತು, ಊರ ಸುತ್ತ ರೈಸ್ ಮಿಲ್ಲುಗಳು ಎದ್ದವು, ಎರಡು ಹೊತ್ತು ಅನ್ನ ಉಂಡ ಜನಕ್ಕೆ ಹೊಟ್ಟೆಯೂ ಬಂತು. ಆ ಹೊಟ್ಟೆಗಳನ್ನು ನಂಬಿಕೊಂಡೇ ನಾನು ದಕ್ಷಿಣದ ಕಡೆ ಹೋಗಿ ವ್ಯಾಯಾಮದ ತರಬೇತಿ ಮುಗಿಸಿ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿಯೊಂದರ ಮಾಳಿಗೆಯ ಮೇಲೆ ಜಿಮ್ ತೆರೆದೆ. ಕೆಳಗಿನಿಂದ ಯೂರಿಯಾ ವಾಸನೆ, ಮೇಲೆ ಬೆವರಿನ ವಾಸನೆ. ಹೇಗೋ ನಡೆಯುತ್ತಿತ್ತು.

ನನಗೆ ಕಲಿಸಿದ ಗುರುಗಳದು ಒಂದೇ ಹಟ. ಮೊದಲು ಕೇಳು, ಆಮೇಲೆ ಎತ್ತಿಸು. ಬಂದವನ ವಯಸ್ಸೇನು, ದಿನವಿಡೀ ಕೂತು ಕೆಲಸವೋ ನಿಂತೋ, ಹಿಂದೆ ಎಲ್ಲಾದರೂ ಬಿದ್ದಿದ್ದನೋ, ಬಿಪಿ ಇದೆಯೋ, ಶುಗರ್ ಇದೆಯೋ, ಅಪ್ಪ ಅವ್ವನಿಗೆ ಏನಿತ್ತು, ನಿದ್ದೆ ಹೇಗೆ, ಊಟ ಏನು. ಎಲ್ಲ ಮುಗಿದ ಮೇಲೆ ಕೊನೆಯದು: ಇದೆಲ್ಲ ನಿನಗೆ ಯಾಕೆ ಬೇಕಾಗಿದೆ? ಈ ಕೊನೆಯ ಪ್ರಶ್ನೆಗೆ ಖರೇ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ ಅನ್ನುತ್ತಿದ್ದರು ಅವರು. ಪುಣ್ಯಾತ್ಮರು ನಮ್ಮ ಊರಿಗೆ ಬಂದಿರಲಿಲ್ಲ.

ಒಬ್ಬ ಮಿಲ್ಲಿನ ಸಾಹುಕಾರರು ಬಂದರು. ಜೊತೆಗೆ ಹೆಂಡತಿಯ ತಮ್ಮ. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದು ಆ ತಮ್ಮನೇ. ಸಾಹುಕಾರರು ಗೋಣು ಆಡಿಸಿದರು ಅಷ್ಟೇ. "ಎದಿಗೆ ಏನೂ ಇಲ್ಲಲ್ರೀ?" ಅಂತ ಎರಡೆರಡು ಸಲ ಕೇಳಿದೆ. ಏನೂ ಇಲ್ಲವಂತೆ. ಓಡುವ ಮಷೀನಿನ ಮೇಲೆ ಹತ್ತಿಸಿದ ಮೇಲೆ, ಏದುಸಿರು ಬಿಡುತ್ತ, ಹೈದರಾಬಾದಿನಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದು ಹೇಳಿದರು. ನಾನು ರೇಗಿದೆ. "ಅಲ್ರೀ ಮಾಸ್ತರ, ಸಿಟ್ಟಿಗ್ಯಾಕ ಏಳ್ತೀರಿ? ನೀವು ಬ್ಯಾನಿ ಏನರ ಅದೇನು ಅಂತ ಕೇಳಿದ್ರಿ. ಅದು ರಿಪೇರಿ ಆಗ್ಯದಲ್ಲ!" ಅಂದರು. ಎತ್ತಿ ಕೆಳಗೆ ಇಳಿಸಿ ಮನೆಗೆ ಕಳಿಸಿದೆ.

ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ಊಟ ಹತ್ತಿರದ ಓಣಿಯ ಒಂದು ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ಸಣ್ಣ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹಳ್ಳಿಯಿಂದ ಬಂದು, ಕಾಲುವೆ ತೋಡಲು ಬಂದಿದ್ದ ಜನಕ್ಕೆ ರೊಟ್ಟಿ ಬಡಿಯಲು ಕೂತವರು. ಕಾಲುವೆ ಮುಗಿಯಿತು, ಆ ಜನ ಹೋದರು, ಒಲೆ ಮಾತ್ರ ಆರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಸುರಪುರದಿಂದ ಕೋರ್ಟು ಕೆಲಸಕ್ಕೆ ಬಂದವರೂ ಮನೆಗೆ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಹಾಳೆಯಷ್ಟು ತೆಳ್ಳಗೆ, ಅಂಚಿನಲ್ಲಿ ಒಂದೂ ಬಿರುಕು ಇರುತ್ತಿರಲಿಲ್ಲ.

ಅದರ ಗುಟ್ಟು ಕೇಳಿದವರಿಗೆಲ್ಲ ಅವರು ಎದೆ ಉಬ್ಬಿಸಿ ಹೇಳುತ್ತಿದ್ದರು. "ನಂದೇನದಪ್ಪಾ, ಎಲ್ಲಾ ನಮ್ಮೂರ ನೀರು." ಮನೆಯ ಮುಂದೆಯೇ ನಳ ಇತ್ತು, ಹೊಳೆಯ ನೀರು ಬರುತ್ತಿತ್ತು. ಅದು ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಮಾತ್ರ. ಕುಡಿಯಲು, ಬೇಳೆ ಬೇಯಿಸಲು, ಹಿಟ್ಟು ಕಲಸಲು ತವರೂರಿನ ಬೋರಿನ ನೀರೇ ಆಗಬೇಕು. ದಿನಾ ಮುಂಜಾನೆ ಆ ಊರಿನಿಂದ ಬರುವ ಟಂಟಂ ಆಟೋದಲ್ಲಿ ಜನರ ಕಾಲ ಸಂದಿಯಲ್ಲಿ ಕೂತು ಕ್ಯಾನುಗಳು ಬರುತ್ತಿದ್ದವು. ಊರ ಹೆಸರು ಇಲ್ಲಿ ಬೇಡ. ಯಾಕೆ ಬೇಡ ಅನ್ನುವುದು ಮುಂದೆ ತಿಳಿಯುತ್ತದೆ. ಕನ್ನಡಿಯಂಥ ನೀರು. ನಾನೂ ತಂಬಿಗೆಗಟ್ಟಲೆ ಕುಡಿದಿದ್ದೇನೆ.

ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಅವರು ನನ್ನ ತಾಟಿನ ಮುಂದೆ ಬಂದು ನಿಂತರು.

"ತಮ್ಮಾ, ನಿನ್ನ ಜಿಮ್ಮಿನ್ಯಾಗ ನನ್ನಂಥಾಕಿಗೂ ಏನರ ಅದ ಏನು?"

"ಯಾಕ್ರೀ ಅವ್ವಾರ, ಪೈಲವಾನ ಆಗೋರೇನು?" ಅಂದೆ.

"ನಗಬ್ಯಾಡ. ಒಲಿ ಮುಂದ ಕುಂತ್ರ ಏಳಾಕ ಬರವಲ್ದು, ಎದ್ರ ಕುಂದ್ರಾಕ ಬರವಲ್ದು. ಹುಡುಗಿಗೆ ಗುಲ್ಬರ್ಗಾದಾಗ ಬಿ.ಎಡ್. ಸೀಟು ಸಿಕ್ಕದ. ಆಕಿ ಹೋದ್ರ ರೊಟ್ಟಿ ಬಡ್ಯೋರು ಯಾರು? ಆಕಿ ಕಲ್ತು ಬರೋತನಕ ನನ್ನ ಈ ಒಲಿ ಮುಂದ ಕುಂದ್ರಂಗ ಮಾಡಿಬಿಡು. ಆಮ್ಯಾಲ ಈ ನಡಾ ಮುರದು ಬಿದ್ರೂ ಬೀಳಲಿ."

ನಾನು ಕೊನೆಗೆ ಕೇಳಬೇಕಾದ ಪ್ರಶ್ನೆಗೆ ಅವರು ಮೊದಲೇ ಉತ್ತರ ಕೊಟ್ಟುಬಿಟ್ಟಿದ್ದರು. ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ. ನನಗೆ ಹುರುಪು ಬಂತು. ಆಳು ಇಟ್ಟುಕೊಳ್ಳಬಾರದೇ ಅಂತ ಕೇಳಿದೆ. ಇಟ್ಟು ನೋಡಿದ್ದರಂತೆ. ಭತ್ತದ ನಾಟಿ ಶುರುವಾಯಿತೆಂದರೆ ಕೂಲಿ ಜಾಸ್ತಿ ಸಿಗುವ ಗದ್ದೆ ಬಿಟ್ಟು ಒಲೆಯ ಮುಂದೆ ಬೇಯಲು ಯಾವ ಹೆಣ್ಣುಮಗಳು ಬರುತ್ತಾಳೆ? ಹೋಗಲಿ, ನಿಂತು ಬಡಿಯಲು ಕಟ್ಟೆ ಕಟ್ಟಿಸಿ ಅಂದೆ. ಮೂಲೆಯಲ್ಲಿ ಕಡಪಾ ಕಲ್ಲಿನ ಕಟ್ಟೆ ಆಗಲೇ ಇತ್ತು. ಅದರ ಮುಂದೆ ನಿಂತರೆ ಗೋಣು ಬಗ್ಗದೆ ಕೈಕೆಳಗಿನ ರೊಟ್ಟಿಯೇ ಕಾಣುತ್ತಿರಲಿಲ್ಲವಂತೆ.

ಸರಿ, ಕೇಳಲು ಕೂತೆ.

"ಎಲ್ಲಿ ನೋವದ ಅವ್ವಾರ?"

"ನೋವೇನಿಲ್ಲ. ಆರಾಮ ಅದೀನಿ."

"ಮತ್ತ ಕುಂದ್ರಾಕ ಯಾಕ ಬರವಲ್ದು?"

"ಅದು ನೋವಲ್ಲ ತಮ್ಮಾ. ಬಿಗಿ."

"ಯಾವಾಗಿಂದ?"

"ಮೊನ್ನಿ ಮೊನ್ನಿಂದ."

ಒಳಗಿನಿಂದ ಮಗಳು ಕೂಗಿದಳು: "ಮೊನ್ನಿ ಅಂದ್ರ ನಾ ಹೈಸ್ಕೂಲಿಗೆ ಹೋಗೋವಾಗಿಂದ ಅಣ್ಣಾ!"

"ನೀ ಸುಮ್ಕಿರು, ನಿನ್ನ ಕೇಳಿಲ್ಲ," ಅಂತ ಗದರಿಸಿದರು ತಾಯಿ. ಗದರಿಸಲು ಮಗಳ ಕಡೆ ತಿರುಗಿದಾಗ ಬರೀ ಮುಖ ತಿರುಗಲಿಲ್ಲ. ಭುಜ, ಎದೆ, ಕಾಲು ಎಲ್ಲ ಕೂಡಿಯೇ ತಿರುಗಿದವು.

ಬಿದ್ದಿದ್ದಿರೇನು? ಇಲ್ಲ. ಬಿಪಿ? ಇಲ್ಲ. ಶುಗರ್? "ಬಡವರ ಮನ್ಯಾಗ ಸಕ್ರಿ ಎಲ್ಲಿಂದ ಬರಬೇಕು?" ಅಂತ ನಕ್ಕರು. ಹಲ್ಲುಗಳ ಮೇಲೆ ಕಂದು ಪಟ್ಟಿಗಳಿದ್ದವು. ತಂಬಾಕು ಅಂದುಕೊಂಡೆ.

"ಮನ್ಯಾಗ ಹಿಂದ ಯಾರಿಗಾದ್ರೂ ಹಿಂಗ ಇತ್ತೇನ್ರಿ?"

"ನಮ್ಮವ್ವಗ ಇತ್ತು. ಕಡೀಕ ಬಾಗಿ ನೆಲಾ ನೋಡಕೋತನೇ ಹ್ವಾದ್ಳು. ನಮ್ಮೂರಾಗ ವಯಸ್ಸಾದವರು ಎಲ್ಲಾರೂ ಹಂಗ. ಅದು ಬ್ಯಾನಿ ಅಲ್ಲ ತಮ್ಮಾ, ವಯಸ್ಸು."

ನೆಲದ ಮೇಲೆ ಒಂದು ಚಮಚ ಇಟ್ಟು, ಮೊಣಕಾಲು ಮಡಚದೆ ಎತ್ತಿಕೊಡಿ ಅಂದೆ. ಅವರ ಕೈ ಮೊಣಕಾಲ ತನಕವೂ ಇಳಿಯಲಿಲ್ಲ. ಗದ್ದ ಎದೆಗೆ ಹಚ್ಚಿ ಅಂದೆ; ಹಚ್ಚಲು ಹೋಗಿ ಅರ್ಧಕ್ಕೇ ನಿಂತರು. ಎರಡೂ ಕೈ ತಲೆಯ ಹಿಂದೆ ಹಿಡಿಯಿರಿ ಅಂದೆ. ಕೈ ಕಿವಿಯ ಹತ್ತಿರ ಬಂದು ನಡುಗಿದವು. "ಗಿಡ ಆಗಿದ್ದಾಗ ಬಗ್ಗಲಿಲ್ಲ, ಮರ ಆದ ಮ್ಯಾಲ ಬಗ್ಗತದೇನು?" ಅಂತ ತಾವೇ ಚಾಷ್ಟಿ ಮಾಡಿಕೊಂಡರು. ನನಗೆ ನಗು ಬರಲಿಲ್ಲ. ಬೆನ್ನಿನ ಮೇಲೆ ಕೈ ಇಟ್ಟು ನೋಡಿದೆ. ಬಿಗಿದ ಸ್ನಾಯು ಒತ್ತಿದರೆ ಸ್ವಲ್ಪವಾದರೂ ಒಪ್ಪುತ್ತದೆ. ಇದು ಹಲಗೆ.

"ಇದು ನನ್ನ ಕೈಯಾಗಿನ ಕೆಲಸ ಅಲ್ರೀ ಅವ್ವಾರ. ಮೊದಲು ಡಾಕ್ಟರಿಗೆ ತೋರಸ್ರಿ," ಅಂದೆ. ಒಪ್ಪಲಿಲ್ಲ. ಮಗಳು ಅತ್ತು, ಕರೆದು, ಒಂದು ದಿನ ಖಾನಾವಳಿ ಮುಚ್ಚಿಸಿ ಹೊರಡಿಸಿದಳು. ಮೂವರೂ ಬಸ್ಸಿನಲ್ಲಿ ಯಾದಗಿರಿಗೆ ಹೋದೆವು.

ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದು ನೋಡಿ, ತಾಯಿಯ ಬಾಯಿ ತೆರೆಸಿ ಹಲ್ಲು ನೋಡಿದರು. ಆಮೇಲೆ ನನ್ನ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಒಂದು ಪ್ರಶ್ನೆ ಕೇಳಿದರು.

"ಯಾವ ನೀರು ಕುಡೀತೀರಿ?"

ತಾಯಿಯ ಮುಖ ಅರಳಿತು. ಅಷ್ಟು ಹೊತ್ತಿನ ಮೇಲೆ ತಮಗೆ ಬರುವ ಪಾಠ ಕೇಳಿದ ಹಾಗಾಗಿತ್ತು ಅವರಿಗೆ. "ನಮ್ಮೂರ ನೀರ್ರಿ! ನಾ ಅಡ್ನಾಡಿ ನೀರು ಮುಟ್ಟಂಗಿಲ್ಲ. ದಿನಾ ಟಂಟಮ್ಮಿನ್ಯಾಗ ತರಸ್ತೀನ್ರಿ, ಬೋರಿಂದು. ಸಕ್ರಿ ಇದ್ದಂಗ ಇರತದ!"

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಕಡೆಯ ನೆಲದಾಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬಿನ ಸಂದುಗಳಲ್ಲಿ ಸೇರಿ ಗಟ್ಟಿಯಾಗುತ್ತದೆ, ಹಲ್ಲಿನ ಕಂದು ಪಟ್ಟಿಯೂ ಅದರದ್ದೇ ಅಂದರು. ಗಟ್ಟಿಯಾದದ್ದನ್ನು ಮೆತ್ತಗೆ ಮಾಡುವ ಔಷಧ ಇಲ್ಲ, ವ್ಯಾಯಾಮವೂ ಇಲ್ಲ ಅಂತ ನನ್ನ ಮುಖ ನೋಡಿ ಹೇಳಿದರು. ಆಮೇಲೆ ಮಗಳ ಕಡೆ ತಿರುಗಿ, "ಈ ಹುಡುಗಿಗಾದ್ರೂ ಆ ನೀರು ಬಿಡಿಸಿ ನಳದ ನೀರು ಕುಡಸ್ರಿ" ಅಂದರು. ಮಗಳು ನಕ್ಕಾಗಲೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದುದು ನನಗೆ ಆಗ ನೆನಪಾಯಿತು. ನಾಚಿಕೆ ಅಂದುಕೊಂಡಿದ್ದೆ.

ಬರುವಾಗ ಬಸ್ಸಿನ ಕಿಟಕಿಯ ಆಚೆ ಉದ್ದಕ್ಕೂ ಕಾಲುವೆ ತುಂಬಿ ಹರಿಯುತ್ತಿತ್ತು. ಸೋಪಾನಕಟ್ಟೆಯ ಹತ್ತಿರ ಯಾರೋ ಎಮ್ಮೆಗಳನ್ನು ಇಳಿಸಿದ್ದರು. ತಾಯಿ ಆ ಕಡೆ ಕೈ ತೋರಿಸಿದರು.

"ಭೂಮಿತಾಯಿ ಹೊಟ್ಟ್ಯಾಗಿನ ನೀರು ವಿಷ, ಎಮ್ಮಿ ಮೈ ತೊಳಿಯೋ ನೀರು ಅಮೃತ. ಚೊಲೊ ಹೇಳ್ದ ನಿನ್ನ ಡಾಕ್ಟರ!"

"ನಳಕ್ಕ ಬಿಡೋ ಮುಂಚೆ ಶುದ್ಧ ಮಾಡ್ತಾರ್ರೀ ಅವ್ವಾರ."

"ಮಾಡ್ತಾರ, ಮಾಡ್ತಾರ. ನಮ್ಮವ್ವ, ನಮ್ಮಜ್ಜಿ ಎಲ್ಲಾರೂ ಅದ ನೀರು ಕುಡದು ಬಾಳ್ವಿ ಮಾಡ್ಯಾರ." ಬಾಗಿ ನೆಲ ನೋಡುತ್ತ ಹೋದ ಅವ್ವ ಅವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಊರು ಹತ್ತಿರ ಬಂದಂತೆ ದನಿ ತಗ್ಗಿಸಿದರು. "ತಮ್ಮಾ, ನಿನಗ ಕೈ ಮುಗಿತೀನಿ, ಈ ಮಾತು ಯಾರ ಮುಂದೂ ತೆಗೀಬ್ಯಾಡ. ಊರ ನೀರು ಕೆಟ್ಟದ್ದು ಅಂದ್ರ ಆ ಊರ ಹೆಣ್ಣು ಯಾರು ತರ್ತಾರ? ನಂದಿರಲಿ, ಇಡೀ ಊರ ಹುಡುಗ್ಯಾರ ಬಾಳ್ವಿ ಕೆಡಿಸಿದಂಗ ಆಗತದ."

ಊರ ಹೆಸರು ಎತ್ತುವುದಿಲ್ಲ ಅಂತ ವಚನ ಕೊಟ್ಟೆ. ಇವತ್ತಿಗೂ ಮುರಿದಿಲ್ಲ.

ಒಂದು ವಾರ ಮಗಳ ಹಟಕ್ಕೆ ನಳದ ನೀರಿನಲ್ಲಿ ಹಿಟ್ಟು ಕಲಸಿದರು. ನನಗಂತೂ ಏನೂ ಫರಕು ಗೊತ್ತಾಗಲಿಲ್ಲ. ಆದರೆ ಜೋಳದ ರೊಟ್ಟಿ ಉಣ್ಣುವವರ ನಾಲಿಗೆ ನನ್ನದಲ್ಲ. "ಯಾಕವ್ವಾ, ಇವತ್ತ ರೊಟ್ಟಿ ಬಿರದಾವ?" ಅಂದ ಒಬ್ಬ. "ಕೈ ಬದಲಾತೇನು?" ಅಂದ ಇನ್ನೊಬ್ಬ. ಖರೇನೇ ಬಿರಿದಿದ್ದವೋ, ತಾಯಿ ಮನಸ್ಸಿಲ್ಲದೆ ನಾದಿದ್ದಕ್ಕೆ ಬಿರಿದವೋ, ದೇವರಿಗೆ ಗೊತ್ತು. ಮರುವಾರ ಟಂಟಮ್ಮಿನಿಂದ ಕ್ಯಾನುಗಳು ಇಳಿದವು. ಮಗಳು ನನ್ನ ತಾಟಿಗೆ ಪಲ್ಯ ಹಾಕುತ್ತ ಮೆಲ್ಲಗೆ, "ಅಣ್ಣಾ, ನಾ ಕುಡಿಯಾಕ ನಳದ್ದು ಬ್ಯಾರೆ ತುಂಬಿಟ್ಟೀನಿ, ಅವ್ವಗ ಹೇಳಬ್ಯಾಡ್ರಿ" ಅಂದಳು. ಹುಡುಗಿ ಶಾಣ್ಯಾಳ ಅಂತ ಸಮಾಧಾನಪಟ್ಟೆ. ಆದರೆ ಹಿಟ್ಟು ಕಲಸುವ ನೀರು, ಬೇಳೆ ಬೇಯುವ ನೀರು ಹಳೆಯದೇ ಉಳಿಯಿತು.

ಇಷ್ಟಾದರೂ ತಾಯಿ ನನ್ನನ್ನು ಬಿಡಲಿಲ್ಲ. "ಡಾಕ್ಟರ ಹೇಳ್ದ ಅಂತ ನೀ ಕೈ ಬಿಡಬ್ಯಾಡ. ಏನರ ಕಲಸು." ನಾನು ಕಲಿಸಿದೆ. ಕುರ್ಚಿಯ ಮೇಲೆ ಕೂತು ಕಾಲು ಚಾಚುವುದು, ಗೋಡೆಗೆ ಬೆನ್ನು ಕೊಟ್ಟು ಉಸಿರು ಎಳೆಯುವುದು, ಮುಂಜಾನೆ ಕಾಲುವೆಯ ಏರಿಯ ಮೇಲೆ ನಿಧಾನ ನಡೆಯುವುದು. ಜಿಮ್ಮಿಗೆ ಬರುವ ಹರೆಯದವರಲ್ಲಿ ಒಬ್ಬನೂ ಅಷ್ಟು ನಿಷ್ಠೆಯಿಂದ ಮಾಡಿದ್ದು ನಾನು ಕಾಣೆ. ಒಂದು ದಿನವೂ ತಪ್ಪಿಸಲಿಲ್ಲ. ಬೆವರು ಒರೆಸಿಕೊಳ್ಳುತ್ತ, "ಇವತ್ತ ಜರಾ ಸಡಿಲಾಗ್ಯದ ನೋಡು" ಅನ್ನುತ್ತಿದ್ದರು. ಸಡಿಲಾಗಿರಲಿಲ್ಲ. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ. "ಹೌದ್ರಿ ಅವ್ವಾರ, ಆಗ್ಯದ" ಅನ್ನುತ್ತಿದ್ದೆ. ಬೇರೆ ಏನನ್ನಲಿ?

ಮಗಳು ಗುಲ್ಬರ್ಗಾಕ್ಕೆ ಹೊರಡುವ ದಿನ ಮುಂಜಾನೆ ನನಗೆ ಬುಲಾವು ಬಂತು. ಬಾಗಿಲಲ್ಲಿ ಅವಳ ಸೂಟ್‌ಕೇಸು, ಹಾಸಿಗೆ ಸುತ್ತಿ ಕಟ್ಟಿದ್ದು. ಒಳಗೆ ಹೋದರೆ ತಾಯಿ ಒಲೆಯ ಮುಂದೆ ನೆಲದ ಮೇಲೆ ಕೂತಿದ್ದಾರೆ! ಹೇಗೆ ಕೂತರೋ, ಕಂಬ ಹಿಡಿದು ಇಳಿದರೋ, ಬಿದ್ದೇ ಬಿಟ್ಟರೋ, ಯಾರೂ ನೋಡಿರಲಿಲ್ಲ. ಮುಖದ ತುಂಬ ಬೆವರು, ಬಾಯಿ ತುಂಬ ನಗು.

"ನೋಡು ತಮ್ಮಾ, ಕುಂತೆ! ನಿನ್ನ ಕಸರತ್ತು ಹತ್ತಿತು ನೋಡು! ಹೋಗವ್ವಾ ನೀ, ಬಸ್ಸಿಗೆ ಹೊತ್ತಾತು."

ಮಗಳು ಹೋಗಲಿಲ್ಲ, ನಿಂತು ನೋಡಿದಳು. ತಾಯಿ ಹಿಟ್ಟಿನ ಉಂಡೆ ತೆಗೆದುಕೊಂಡು ತಟ್ಟತೊಡಗಿದರು. ಮೊದಲ ರೊಟ್ಟಿ ಬಂತು, ಎರಡನೆಯದೂ ಬಂತು. ಮೂರನೆಯದನ್ನು ಹಂಚಿನ ಮೇಲೆ ಹಾಕಲು ಮುಂದೆ ಚಾಚಿದ ಕೈ ಅಲ್ಲಿಗೆ ಮುಟ್ಟಲಿಲ್ಲ. ಇನ್ನೊಮ್ಮೆ ಚಾಚಿದರು. ಅಂಗೈ ಮೇಲಿನ ರೊಟ್ಟಿ ಜೋತು ಹರಿದು ಬೂದಿಯಲ್ಲಿ ಬಿತ್ತು. ಏಳಲು ನೋಡಿದರು, ಆಗಲಿಲ್ಲ. ನಾನೂ ಮಗಳೂ ಕಂಕುಳಲ್ಲಿ ಕೈ ಹಾಕಿ ಎತ್ತಿದೆವು. ಮೇಲೆ ಬಂದರೂ ಅವರ ಮೈ ಕೂತ ಹಾಗೆಯೇ ಮಡಚಿತ್ತು, ಎಳೆದು ನೆಟ್ಟಗೆ ಮಾಡುವಾಗ ಆ ಗಟ್ಟಿಗಿತ್ತಿ ಮೊದಲ ಸಲ "ಯವ್ವಾ!" ಅಂತ ಚೀರಿದರು. ಅಷ್ಟು ದಿನ ಆರಾಮ, ಆರಾಮ ಅಂದವರು.

ಅವರನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆ ಮಗಳು ಕೈಗಡಿಯಾರ ಬಿಚ್ಚಿ ಗೋಡೆಯ ಮಾಡಿನಲ್ಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕೂತಳು. ಮಧ್ಯಾಹ್ನ ಗಿರಾಕಿಗಳು ಎಂದಿನಂತೆ ಉಂಡು ಹೋದರು.

ಆಮೇಲೆ ನನಗೆ ಮದುವೆಯಾಯಿತು, ಜಿಮ್ಮನ್ನು ಯಾದಗಿರಿಗೆ ಸಾಗಿಸಿದೆ. ಗಿರಾಕಿಗಳಿಗೆ ಕೇಳುವ ಪ್ರಶ್ನೆಗಳಲ್ಲಿ ಈಗ ಮೊದಲನೆಯದು ಯಾವ ಊರು, ಯಾವ ನೀರು ಅನ್ನುವುದು. ಜನ ನನ್ನನ್ನು ಹುಚ್ಚ ಅಂದುಕೊಳ್ಳುತ್ತಾರೆ. "ವ್ಯಾಯಾಮಕ್ಕೂ ನೀರಿಗೂ ಏನ್ರೀ ಸಂಬಂಧ?" ಅನ್ನುತ್ತಾರೆ. ನಾನು ಊರ ಹೆಸರು ಹೇಳುವುದಿಲ್ಲ, ವಚನ ಕೊಟ್ಟಿದ್ದೇನೆ. ಬೋರಿನ ನೀರು ಬಿಡಿ ಅಂತ ಮಾತ್ರ ಹೇಳುತ್ತೇನೆ. ಬಿಟ್ಟವರು ಯಾರು, ಬಿಡದವರು ಯಾರು ನನಗೆ ತಿಳಿಯದು.

ಹಲವು ವರ್ಷಗಳ ಮೇಲೆ ಏನೋ ಕೆಲಸಕ್ಕೆ ಶಹಾಪುರಕ್ಕೆ ಹೋದವನು ಖಾನಾವಳಿಯ ಓಣಿಗೆ ತಿರುಗಿದೆ. ಬಾಗಿಲಲ್ಲಿ ಅದೇ ಕುರ್ಚಿ, ಅದರಲ್ಲಿ ತಾಯಿ. ಮೈ ಇನ್ನಷ್ಟು ಬಾಗಿತ್ತು, ಗದ್ದಲ ಮಾತ್ರ ಹಾಗೆಯೇ ಇತ್ತು. "ಬಾ ತಮ್ಮಾ! ದೊಡ್ಡ ಊರಿಗೆ ಹೋಗಿ ಸೊರಗೀದಿ ನೋಡು!" ಒಳಗೆ ಒಲೆಯ ಮುಂದೆ ಮಗಳು ನಮಗೆ ಬೆನ್ನು ಹಾಕಿ ಕೂತಿದ್ದಳು.

"ತಂಗೀ, ಆರಾಮ್ ಅದಿಯೇನವ್ವಾ?" ಅಂದೆ.

ಅವಳು ತಿರುಗಿದಳು. ಬರೀ ಮುಖ ತಿರುಗಲಿಲ್ಲ, ಭುಜ, ಎದೆ, ಮೊಣಕಾಲು ಎಲ್ಲ ಕೂಡಿಯೇ ತಿರುಗಿದವು. "ಆರಾಮ್ ಅದೀನ್ರೀ ಅಣ್ಣಾ. ಕುಂದರ್ರಿ, ಬಿಸಿ ರೊಟ್ಟಿ ಹಾಕ್ತೀನಿ."

ಹಾಳು ಕಸುಬು ಸುಮ್ಮನಿರಲು ಬಿಡಲಿಲ್ಲ. "ಜರಾ ಗದ್ದ ಎದಿಗೆ ಹಚ್ಚು ನೋಡೋಣ," ಅಂದೆ.

ಅವಳು ಹಚ್ಚಲು ಹೋದಳು, ಅರ್ಧಕ್ಕೆ ನಿಂತಳು. ಬಾಯಿಗೆ ಸೆರಗು ಹಿಡಿದು ನಕ್ಕಳು. "ದಿನಾ ಒಲಿ ಮುಂದ ಕುಂತೋರಿಗೆ ಇಷ್ಟು ಬಿಗಿ ಇರೋದ ಅಣ್ಣಾ. ಅದೇನು ಬ್ಯಾನಿ ಅಲ್ಲ." ಮತ್ತೆ ರೊಟ್ಟಿಯ ಕಡೆ ತಿರುಗಿದಳು.

ಆ ಪರೀಕ್ಷೆ ಏನು, ಯಾಕೆ ಅನ್ನುವುದು ಆ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿತ್ತು. ತಾಯಿ ಕುರ್ಚಿಯ ಕೈ ಹಿಡಿದು ನನ್ನನ್ನು ನೋಡುತ್ತಿದ್ದರು. ಮಗಳಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಹೇಳಿದರು.

"ಹಾಲು ಬಿಡಿಸಿದ ದಿನ ಆಕಿ ಭಾಳ ಅತ್ತಳು ತಮ್ಮಾ. ನಮ್ಮೂರ ನೀರು ಕುಡಿಸಿದ ಮ್ಯಾಲನ ಸುಮ್ಮನಾಗಿದ್ಳು."

ಒಳಗಿನಿಂದ ಮಗಳು ಕೂಗಿದಳು: "ಅಣ್ಣಾ, ಬರ್ರಿ, ರೊಟ್ಟಿ ಆರ್ತಾವ."